ಗಾಡಿಯ ಹೊಟ್ಟೆಯಡಿ ಎರಡು ಪೈಪು

ನನ್ನ ದಿನಚರಿ ಪುಸ್ತಕದಲ್ಲಿ ಒಂದು ಪುಟ ಮಾತ್ರ ಉಳಿದ ಪುಟಗಳಿಗಿಂತ ದಪ್ಪಗಿದೆ. ಅಲ್ಲಿ ಹೂ ಕಟ್ಟುವ ಬಿಳಿ ನೂಲಿನ ಒಂದು ಸುರುಳಿಯನ್ನು ಅನ್ನದ ಅಗುಳಿನಿಂದ ಅಂಟಿಸಿಟ್ಟಿದ್ದೇನೆ. ನೂಲಿಗೆ ಒಂಬತ್ತು ಗಂಟು, ಗಂಟುಗಂಟಿಗೂ ಗ್ರೀಸಿನ ಕಪ್ಪು. ಗುಂಡ್ಲುಪೇಟೆಯ ಬಸ್ ನಿಲ್ದಾಣದ ಬಾಗಿಲಲ್ಲಿ ಸೇವಂತಿಗೆ ಮಾರುವ ಹೆಂಗಸರು ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ದಂಡೆಯನ್ನೆಳೆದು ಮೊಳ ಹಾಕುತ್ತಾರಲ್ಲ, ಅದೇ ನೂಲಿನಿಂದ, ಹೆಚ್ಚುಕಡಿಮೆ ಅದೇ ರೀತಿಯಲ್ಲಿ, ನಾನು ನಮ್ಮ ಹಳೆಯ ಪಿಕಪ್ ಗಾಡಿಯ ಬ್ರೇಕ್ ಪೈಪನ್ನು ಅಳೆದೆ. ಹೂವಿನ ನೂಲಿಗೂ ಗಾಡಿಯ ಹೊಟ್ಟೆಗೂ ಏನು ನಂಟು ಎಂದು ನೀವು ಕೇಳಿದರೆ, ಸ್ವಲ್ಪ ಕೂತು ಕೇಳಬೇಕಾಗುತ್ತದೆ.

ನನ್ನ ದಿನಚರಿಯಲ್ಲಿ ಮನಸ್ಸಿನ ಮಾತು ಕಡಿಮೆ, ನಡೆದದ್ದು ಜಾಸ್ತಿ. ನಮ್ಮೂರಾದ ಭೀಮನಬೀಡಿನಲ್ಲಿ ಮಳೆ ಬಿದ್ದ ದಿನಗಳು, ಬೆಳಗಿನ ಬಸ್ಸು ಬಾರದೆ ಹೋದ ದಿನಗಳು, ಗಾಡಿಗೆ ಏರಿದ ಹೂವಿನ ಚೀಲಗಳು, ದಾರಿಯಲ್ಲಿ ಗಾಡಿ ಕೆಮ್ಮಿ ನಿಂತ ಸಲಗಳು, ಇಂಥವನ್ನು ವಾರ ಹಾಕಿ, ಗೆರೆ ಎಳೆದು, ಲೆಕ್ಕ ಇಡುತ್ತೇನೆ. ನಾನು ಪುಸ್ತಕ ತೆರೆದಾಗಲೆಲ್ಲ ಅಜ್ಜಿ, “ಕೂತ್ಕಂಡ್ಳು ಕಣಪ್ಪ ನಮ್ಮನೆ ಶಾನುಭೋಗಮ್ಮ” ಎಂದು ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡೇ ನಗುತ್ತಿದ್ದಳು. ನಗಲಿ. ಬರೆದಿಟ್ಟದ್ದು ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ನನಗೆ ಇತ್ತು, ಈಗಲೂ ಇದೆ. ಅದು ನಮ್ಮ ಪರವಾಗಿಯೇ ಸಾಕ್ಷಿ ಹೇಳಬೇಕೆಂದೇನೂ ಇಲ್ಲ ಎಂಬುದನ್ನು ಮಾತ್ರ ಆಮೇಲೆ ಕಲಿತೆ.

ಗಾಡಿ ನಮ್ಮ ಮನೆಗೆ ಬಂದದ್ದು ಎರಡು ಸಾವಿರದ ಐದರ ದೀಪಾವಳಿಯ ಹೊತ್ತಿಗೆ, ಕಾಡು ದಾಟಿ, ಕೇರಳದ ಕಡೆಯಿಂದ. ಅಪ್ಪ ಅದಕ್ಕೆ ಮುಂಚೆ ಬೇರೆಯವರ ಲಾರಿ ಓಡಿಸುತ್ತಿದ್ದವನು. ಇಪ್ಪತ್ತೇಳು ವರ್ಷ ಬೇರೆಯವರ ಸ್ಟೇರಿಂಗ್ ಹಿಡಿದ ಮೇಲೆ ಕೈಗೆ ಬಂದ ಮೊದಲನೆಯ ಸ್ವಂತ ಗಾಡಿ ಅದು. ಬಣ್ಣ ಬೂದಿ, ವಯಸ್ಸು ನನಗಿಂತ ನಾಲ್ಕೈದು ವರ್ಷ ಕಡಿಮೆ, ಹಿಂದಿನ ಜನ್ಮದ ಕಸುಬು ಮೀನು ಸಾಗಿಸುವುದು. ಬೇಲಿಯಾಚೆ ನಿಲ್ಲಿಸಿದ್ದರೂ ಗಾಳಿ ಬೀಸಿದ ಕಡೆಗೆ ತನ್ನ ಪೂರ್ವಚರಿತ್ರೆಯನ್ನು ಸಾರುತ್ತಿತ್ತು. ನಾವೋ ಲಿಂಗ ಕಟ್ಟಿಕೊಂಡವರು, ಮೊಟ್ಟೆಯ ಮಾತನ್ನೂ ಮನೆಯ ಹೊರಗೇ ಮುಗಿಸಿ ಬರುವವರು. ಮೇಲಾಗಿ ಪ್ರತಿ ಮಂಗಳವಾರ ಊರಿನ ಮಠದ ದಾಸೋಹಕ್ಕೆ ಅಕ್ಕಿ, ತರಕಾರಿ ಮುಟ್ಟಿಸುವ ಕೆಲಸವನ್ನು ಅಪ್ಪ ಒಪ್ಪಿಕೊಂಡಿದ್ದ. ಮೀನು ಹೊತ್ತ ಹಲಗೆಯ ಮೇಲೆ ದಾಸೋಹದ ಅಕ್ಕಿ! ಅಜ್ಜಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಎದ್ದವಳೇ ದೇವರ ತಂಬಿಗೆ ಬೆಳಗುವ ಸಾಮಾನುಗಳನ್ನು, ಅಂದರೆ ಒಂದು ಮೊರದ ತುಂಬ ಕಲ್ಲುಪ್ಪು, ಒಂದು ಬೋಗುಣಿ ಹುಣಸೆಹಣ್ಣು, ತಂದು ನನ್ನ ಮುಂದಿಟ್ಟಳು.

“ಸೋಮವಾರ ಸೋಮವಾರ ಇದ್ನ ಆಕಿ ಉಜ್ಜು ಕಣಮ್ಮಿ. ತಾಮ್ರದ್ ಚೆಂಬೇ ಬೆಳಗ್ತದೆ, ಇನ್ ಈ ಗಾಡಿ ಯಾವ್ ಲೆಕ್ಕ?”

ಉಜ್ಜಿದೆ. ಅಜ್ಜಿ ಹುಣಸೆಹಣ್ಣು ಕಿವುಚಿ ಕೊಡುವಳು, ಅಪ್ಪ ಬಾವಿಯಿಂದ ನೀರು ಸೇದಿ ಕೊಡುವನು, ನಾನು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ತೆಂಗಿನ ನಾರಿನಿಂದ ಹಲಗೆಗಳನ್ನು ತಿಕ್ಕುವೆನು. ವಾಸನೆ ಮನೆ ಬಿಡದ ಬಾಡಿಗೆದಾರನ ಹಾಗೆ ತಿಂಗಳುಗಟ್ಟಲೆ ಹಟ ಹಿಡಿದು, ಕೊನೆಗೊಂದು ದಿನ ಹೇಳದೆ ಹೊರಟುಹೋಯಿತು. ನಾವು ಉಜ್ಜುವುದನ್ನು ಬಿಡಲಿಲ್ಲ. ಕೆಲಸ ವ್ರತವಾಗಿತ್ತು. ದಿನಚರಿಯಲ್ಲಿ ಸೋಮವಾರದ ಮುಂದೆ ನಾನು ಹಾಕುತ್ತಿದ್ದ ಟಿಕ್ ಗುರುತು ನನಗೆ ಪೂಜೆಯ ಕೊನೆಯ ಮಂಗಳಾರತಿಯಷ್ಟೇ ತೃಪ್ತಿ ಕೊಡುತ್ತಿತ್ತು.

ಈಗ ಗಾಡಿಯ ಹೊಟ್ಟೆಯ ಕೆಳಗೆ ಬನ್ನಿ. ಗಾಡಿಯನ್ನು ಮುಂದಿನಿಂದ ನೋಡಿ ಹೊಗಳುವವರು ಉಂಟು, ಹಿಂದಿನಿಂದ ನೋಡಿ ಬೈಯುವವರೂ ಉಂಟು, ಕೆಳಗಿನಿಂದ ನೋಡುವವರು ತೀರ ಕಡಿಮೆ. ಅಲ್ಲಿ, ಉದ್ದಕ್ಕೆ ಮಲಗಿರುವ ಕಬ್ಬಿಣದ ತೊಲೆಯೊಂದಕ್ಕೆ ಅಂಟಿಕೊಂಡು, ಕಿರುಬೆರಳಿಗಿಂತ ಸಣ್ಣಗಿನ ಎರಡು ಪೈಪುಗಳು ಅಕ್ಕಪಕ್ಕದಲ್ಲೇ ಸಾಗುತ್ತವೆ. ಒಂದು ಟ್ಯಾಂಕಿನಿಂದ ಇಂಜಿನ್ನಿಗೆ ಡೀಸೆಲ್ ಒಯ್ಯುವುದು. ಇನ್ನೊಂದು ಚಾಲಕನ ಪಾದದಿಂದ ಚಕ್ರಗಳಿಗೆ ಬ್ರೇಕಿನ ಎಣ್ಣೆಯ ಒತ್ತಡವನ್ನು ಒಯ್ಯುವುದು. ಒಂದು ಓಡು ಎನ್ನುವುದು, ಒಂದು ನಿಲ್ಲು ಎನ್ನುವುದು. ಡೀಸೆಲ್ ಹರಿಯುತ್ತದೆ, ಸುಟ್ಟು ಖರ್ಚಾಗುತ್ತದೆ, ಆದ್ದರಿಂದ ಅದನ್ನು ಎಲ್ಲರೂ ವಿಚಾರಿಸುತ್ತಾರೆ. ಬ್ರೇಕಿನ ಎಣ್ಣೆ ಎಲ್ಲಿಗೂ ಹೋಗುವುದಿಲ್ಲ. ಇದ್ದಲ್ಲೇ ಇದ್ದು, ಇಲ್ಲಿ ಒತ್ತಿದ್ದನ್ನು ಅಲ್ಲಿಗೆ ಹೇಳುತ್ತದೆ ಅಷ್ಟೆ. ಮನೆಯಲ್ಲಿಯೂ ಇಂಥವರಿರುತ್ತಾರೆ. ಅವರು ಇದ್ದಾರೆಂಬುದು ಅವರ ಮಾತು ಒಂದು ದಿನ ಮುಟ್ಟದೆ ಹೋದಾಗಲೇ ನಮಗೆ ತಿಳಿಯುವುದು.

ನಮ್ಮ ಗಾಡಿಯಲ್ಲಿ ಆ ದಿನ ಬಂದದ್ದು ಎರಡು ಸಾವಿರದ ಏಳರ ಶ್ರಾವಣದಲ್ಲಿ, ಒಂದು ಬುಧವಾರ. ಚೆಂಡುಹೂವಿನ ಕಾಲ. ಗುಂಡ್ಲುಪೇಟೆಯ ಹೊರಗೆ ಹೂವು ತೂಗುವ ಬಯಲಿನಲ್ಲಿ ಕಿತ್ತಳೆ ಬಣ್ಣದ ರಾಶಿಗಳು ಆಳೆತ್ತರಕ್ಕೆ ಬಿದ್ದಿದ್ದವು. ಚೀಟಿ ಬರೆಸಿಕೊಳ್ಳಲು ನಾನು ಅಪ್ಪನ ಪಕ್ಕದಲ್ಲಿ ಕೂತಿದ್ದೆ. ಬಯಲಿಗೆ ಇಳಿಯುವ ಇಳಿಜಾರಿನಲ್ಲಿ ಅಪ್ಪ ಬ್ರೇಕ್ ತುಳಿದ. ಪೆಡಲು ಯಾವ ತಕರಾರೂ ಇಲ್ಲದೆ ನೆಲಕ್ಕೆ ಹೋಗಿ ಮಲಗಿತು. ಗಾಡಿ ಹಳೆಯ ಮಾದರಿಯದು, ನಾಲ್ಕೂ ಚಕ್ರಕ್ಕೆ ಒಂದೇ ಪೈಪಿನ ಸಂಸಾರ. ಒಂದು ಕಡೆ ಒಡೆದರೆ ನಾಲ್ಕೂ ಕಡೆ ಇಲ್ಲ. ಅಪ್ಪ ಕೈಬ್ರೇಕ್ ಎಳೆದ, ಗೇರು ಇಳಿಸಿದ, ಕೊನೆಗೆ ಸ್ಟೇರಿಂಗ್ ತಿರುಗಿಸಿ ಹೂವಿನ ರಾಶಿಯೊಂದಕ್ಕೆ ಗಾಡಿಯನ್ನು ನುಗ್ಗಿಸಿದ. ಗಾಜಿನ ತುಂಬ ಚೆಂಡುಹೂವು, ಮೌನ. ಒಬ್ಬರಿಗೂ ಏಟಾಗಲಿಲ್ಲ. ಜನ ಓಡಿಬಂದು ನಕ್ಕರು ಕೂಡ. “ಗಾಡಿಗೇ ಪಲ್ಲಕ್ಕಿ ಉತ್ಸವ ಮಾಡ್ಬುಟ್ಯಲ್ಲಣ್ಣ” ಎಂದ ತೂಕದವನು.

ಅಪ್ಪ ನಗಲಿಲ್ಲ. ಅವನು ನೋಡುತ್ತಿದ್ದುದು ಮುಂದಿನ ಚಕ್ರದ ಪಕ್ಕದಲ್ಲಿ ಬಿದ್ದಿದ್ದ ಒಂದು ಗೋಣಿತಟ್ಟನ್ನು. ಅದರ ಮೇಲೆ ಕೂತು ಹೂ ಆರಿಸುತ್ತಿದ್ದ ಹೆಂಗಸು ನೀರು ಕುಡಿಯಲು ಎದ್ದುಹೋಗಿ ಅರೆಗಳಿಗೆಯಾಗಿತ್ತು. ಅವಳು ತಂಬಿಗೆ ಹಿಡಿದುಕೊಂಡೇ ಬಂದು ತನ್ನ ತಟ್ಟನ್ನು ಚಕ್ರದಡಿಯಿಂದ ಎಳೆದು, ಕೊಡವಿ, ಬೇರೆ ರಾಶಿಯ ಬಳಿ ಹಾಸಿಕೊಂಡು ಕೂತಳು. ಬೈದಿದ್ದರೆ ಅಪ್ಪನಿಗೆ ಹಗುರವಾಗುತ್ತಿತ್ತೇನೋ.

ಆ ಸಂಜೆ ಗಾಡಿ ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಮೆಕ್ಯಾನಿಕ್ ಮೊಯ್ದು ಕಾಕನ ಶೆಡ್ಡಿಗೆ ಹೋಯಿತು. ಅಪ್ಪ ಬೀಗದ ಕೈಯನ್ನು ಮನೆಯ ಮೊಳೆಗೆ ನೇತುಹಾಕಿ, “ಮಾರ್ಬುಡನ. ಉಮ್ಮತ್ತೂರಿನೋನೊಬ್ಬ ಕೇಳ್ತಿದ್ದ. ಈ ಭಾನುವಾರ ಬಿಟ್ಟು ಆಚೆ ಭಾನುವಾರ ಬಂದು ನೋಡ್ಲಿ” ಎಂದ.

“ರಿಪೇರಿ ಮಾಡ್ಸಿದ್ರೆ?” ಎಂದೆ.

“ರಿಪೇರಿ ಮಾಡ್ಸೇ ಮಾರೋದು. ಓಡ್ಸೋದು ಮಾತ್ರ ನಾನಲ್ಲ.”

ಆ ದಿನದ ಪುಟದಲ್ಲಿ ನಾನು ಬರೆದದ್ದು ಎರಡೇ ಸಾಲು. ಭಾನುವಾರಕ್ಕೆ ಹನ್ನೊಂದು ದಿನ. ಅಷ್ಟರೊಳಗೆ ಅಪ್ಪ ಮತ್ತೆ ಸ್ಟೇರಿಂಗ್ ಹಿಡಿಯಬೇಕು.

ಮೊಯ್ದು ಕಾಕ ಕೇರಳದ ಬತ್ತೇರಿಯ ಕಡೆಯಿಂದ ಬಂದು ಗುಂಡ್ಲುಪೇಟೆಯಲ್ಲಿ ಮೂವತ್ತು ವರ್ಷದಿಂದ ಗಾಡಿಗಳ ನಾಡಿ ನೋಡುತ್ತಿದ್ದ ಮುದುಕರು. ಊರಿನ ಕನ್ನಡವನ್ನೇ ಆಡಿದರೂ ಹೆಣ್ಣುಮಕ್ಕಳನ್ನು ಮಾತ್ರ ಮಲಯಾಳದಲ್ಲಿ ‘ಮೋಳೇ’, ಮಗಳೇ, ಎಂದು ಕರೆಯುವರು. ಅವರ ಕೆಲಸದವರಿಬ್ಬರೂ ಓಣಂ ಹಬ್ಬಕ್ಕೆ ಊರಿಗೆ ಹೋಗಿದ್ದರು. ಕಾಕನಿಗೆ ಸೊಂಟ ಬಗ್ಗುತ್ತಿರಲಿಲ್ಲ. ನಾನು ಡೀಸೆಲ್ ಫಿಲ್ಟರ್ ಬದಲಿಸಿದ, ಚಕ್ರ ಬಿಚ್ಚಿ ಕಟ್ಟಿದ, ಲೈಸೆನ್ಸಿಗೆ ಚಾಮರಾಜನಗರದಲ್ಲಿ ಎಂಟು ಹಾಕಿ ತೋರಿಸಿ ಪಾಸಾದ ದಿನಗಳೆಲ್ಲ ನನ್ನ ಪುಸ್ತಕದಲ್ಲಿದ್ದವು. ನಾನೇ ಮಾಡುತ್ತೇನೆಂದೆ.

ಕಾಕ ನನ್ನ ಕೈ ನೋಡಿದರು, ಮುಖ ನೋಡಿದರು. “ಮಾಡು ಮೋಳೇ. ನಾನು ಸ್ಟೂಲ್ ಮೇಲೆ ಕೂತು ಹೇಳ್ತೀನಿ, ನೀನು ಕೆಳಗೆ ಮಲಗಿ ಕೇಳು. ಆದ್ರೆ ಈ ಶೆಡ್ಡಿನಲ್ಲಿ ಒಂದು ಕಾನೂನಿದೆ. ಬ್ರೇಕಿಗೆ ಕೈ ಹಾಕಿದೋರು ಯಾರೋ, ಅವರೇ ಮೊದಲು ಇಳಿಜಾರು ಇಳೀಬೇಕು. ಗಿರಾಕಿ ಆಮೇಲೆ. ನಾನೂ ಇಳಿದಿದ್ದೀನಿ, ನನ್ನ ಉಸ್ತಾದೂ ಇಳಿದಿದ್ದ. ಒಪ್ಪಿಗೇನಾ?”

ಒಪ್ಪಿದೆ. ಇಂಥ ಕಾನೂನು ಇರುವ ಕಸುಬು ಎಷ್ಟಿವೆ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಸೇತುವೆ ಕಟ್ಟಿದವರು ಮೊದಲ ಮಳೆಗಾಲದಲ್ಲಿ ಅದರ ಕೆಳಗೆ ವಾಸ ಮಾಡಬೇಕು, ಮದುವೆ ಮಾಡಿಸಿದ ದಲ್ಲಾಳಿ ಮೊದಲ ಆರು ತಿಂಗಳು ಆ ದಂಪತಿಗಳ ಪಕ್ಕದ ಮನೆಯಲ್ಲಿರಬೇಕು ಎಂಬ ಕಟ್ಟಳೆಗಳಿದ್ದರೆ ಲೋಕದ ಎಷ್ಟೋ ನಟ್ಟುಗಳು ಇನ್ನರ್ಧ ಸುತ್ತು ಬಿಗಿಯಾಗಿ ಕೂರುತ್ತಿದ್ದವು.

ಹಳೆಯ ಪೈಪು ಬಿಚ್ಚಲು ಒಂದೂವರೆ ದಿನ ಹಿಡಿಯಿತು. ನಟ್ಟುಗಳು ತುಕ್ಕಿನಲ್ಲಿ ನಿದ್ದೆ ಹೋಗಿದ್ದವು. ಎಣ್ಣೆ ಬಿಟ್ಟು, ಬಿಸಿ ತೋರಿಸಿ, ಒಂದೊಂದನ್ನೂ ಎಬ್ಬಿಸಬೇಕಾಯಿತು. ಡೀಸೆಲ್ ಪೈಪಿನ ಮೈಮೇಲೆ ಸೂಜಿಮೊನೆಯಷ್ಟು ತೂತುಗಳಿದ್ದವು. ಗಾಡಿ ಕೆಮ್ಮಿ ನಿಂತ ಹದಿನಾಲ್ಕು ದಿನಗಳನ್ನು ನಾನು ಬರೆದಿಟ್ಟಿದ್ದೆನಲ್ಲ, ಅಷ್ಟೂ ದಿನ ಅದು ಅಲ್ಲಿಂದ ಗಾಳಿ ಕುಡಿದಿತ್ತು. ಅಪ್ಪ ಸುಮ್ಮನೆ ಫಿಲ್ಟರನ್ನು ಬೈದಿದ್ದ. ಬ್ರೇಕಿನ ಪೈಪಂತೂ ಒಂದು ಕಡೆ ಉಗುರಿನಿಂದ ಗೀರಿದರೆ ಹಪ್ಪಳದಂತೆ ಉದುರಿತು. ತೊಲೆಯ ಮೇಲೆ ನೂಲು ಹಿಡಿದು, ಪೈಪು ಬಾಗಿದಂತೆ ಬಾಗಿಸಿ, ಉದ್ದ ಅಳೆದೆ. ಹಾಗೆಯೇ ತುಕ್ಕು ತಿಂದಿದ್ದ ಒಂದೊಂದು ಜಾಗಕ್ಕೂ ಒಂದೊಂದು ಗಂಟು ಹಾಕಿದೆ. ಯಾಕೆಂದು ಕಾಕ ಕೇಳಿದರು. ಗೊತ್ತಿಲ್ಲ ಕಾಕ, ಅಭ್ಯಾಸ, ಎಂದೆ.

ಹೊಸ ಪೈಪು ಗುಂಡ್ಲುಪೇಟೆಯಲ್ಲಿ ಸಿಗಲಿಲ್ಲ. ಶನಿವಾರ ತೆರಕಣಾಂಬಿಯ ಮೇಲೆ ಹೋಗುವ ಬಸ್ ಹಿಡಿದು ಚಾಮರಾಜನಗರಕ್ಕೆ ಹೋದೆ. ಅಂಗಡಿಯವನು ನನ್ನ ನೂಲು ನೋಡಿ ಕನ್ನಡಕ ಏರಿಸಿದ.

“ಎಷ್ಟ್ ಬೇಕಮ್ಮ?”

“ಇದರಷ್ಟು. ಮೇಲೆ ಒಂದ್ ಮೊಳ ಜಾಸ್ತಿ.”

“ಮೊಳ!” ಅವನು ಒಳಗಿದ್ದವನನ್ನು ಕೂಗಿದ. “ಬಾರ್ಲಾ ಇಲ್ಲಿ, ಬ್ರೇಕ್ ಪೈಪ್ನ ಮಲ್ಲಿಗೆ ದಂಡೆ ಮಾಡ್ಬುಟ್ರು ಕಣ್ಲಾ! ಮುಡ್ಕೊಂಡ್ ಹೋಗ್ತೀರಾ, ಕಟ್ಕೊಡ್ಲಾ?”

“ಕಟ್ಕೊಡಿ. ಅಳತೆ ತಪ್ಪಿದ್ರೆ ವಾಪಸ್ ಬತ್ತೀನಿ” ಎಂದೆ. ಅವನು ಅಳತೆ ತಪ್ಪದಂತೆ ಎರಡು ಸಲ ಅಳೆದು ಕೊಟ್ಟ. ಉಕ್ಕಿನ ಪೈಪಿನ ದೊಡ್ಡ ಬಳೆಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಪಕ್ಕದಲ್ಲಿ ಕೂತು ಬಂದೆ. ತಾಮ್ರದ್ದು ಬಗ್ಗಿಸಲು ಸುಲಭ ಎಂದು ಯಾರೋ ಹೇಳಿದ್ದರು. ಸುಲಭವಾಗಿ ಬಗ್ಗುವುದನ್ನು ಬ್ರೇಕಿಗೆ ಹಾಕಬಾರದು ಎಂದು ಕಾಕ ಮೊದಲೇ ಹೇಳಿಕಳಿಸಿದ್ದರು.

ಪೈಪಿನ ತುದಿಯನ್ನು ಹೂವಿನ ಬಾಯಿಯಂತೆ ಅರಳಿಸಿ, ಆ ಅರಳಿದ ಬಾಯಿಯನ್ನು ನಟ್ಟಿನಿಂದ ಒತ್ತಿ ಕೂರಿಸುವುದು ಈ ಕೆಲಸದ ಜೀವ. ನಾನು ಅತಿ ಶ್ರದ್ಧೆಯಿಂದ ಮೊದಲನೆಯ ತುದಿಯನ್ನು ಅರಳಿಸಿದೆ, ಎರಡನೆಯದನ್ನೂ ಅರಳಿಸಿದೆ, ಎತ್ತಿ ಹಿಡಿದು ಕಾಕನಿಗೆ ತೋರಿಸಿದೆ. ಎರಡೂ ನಟ್ಟುಗಳು ಬೆಂಚಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದವು. ಅರಳಿಸುವ ಮುಂಚೆ ಅವನ್ನು ಪೈಪಿಗೆ ತೊಡಿಸಬೇಕಿತ್ತು. ಈಗ ಅವು ತೂರುವಂತಿರಲಿಲ್ಲ.

ಕಾಕ ಹೊಟ್ಟೆ ಹಿಡಿದು ನಕ್ಕರು. “ಬಳೆ ತೊಡಿಸೋಕೆ ಮುಂಚೆ ಕೈ ದಪ್ಪ ಮಾಡ್ಬುಟ್ಯಲ್ಲ ಮೋಳೇ! ಕೊಯ್ದು ಹಾಕು. ಅದಕ್ಕೇ ಅಲ್ವಾ ಒಂದು ಮೊಳ ಜಾಸ್ತಿ ತಂದಿರೋದು.”

ಆ ಹೆಚ್ಚುವರಿ ಮೊಳ ನನ್ನ ಮಾನ ಉಳಿಸಿತು. ಚಕ್ರ ಚಕ್ರಕ್ಕೂ ಕವಲೊಡೆಯುವ ಆ ಪೈಪಿನ ಹನ್ನೆರಡು ತುದಿಗಳೂ ಆಮೇಲೆ ಸರಿಯಾಗಿ ಅರಳಿದವು. ಸೋಮವಾರ ಸಂಜೆಯ ಹೊತ್ತಿಗೆ ಹೊಸ ಪೈಪುಗಳೆರಡೂ ತೊಲೆಯ ಮೈಗೆ ಅಂಟಿ, ಸೈಲೆನ್ಸರಿನ ಬಿಸಿಗೆ ಸಿಗದಂತೆ ದೂರ ಬಾಗಿ, ಗೇಣಿಗೊಂದು ಪಟ್ಟಿ ಬಿಗಿಸಿಕೊಂಡು ಮಿನುಗುತ್ತಿದ್ದವು. ಹೊರಗೆ ಬಂದು, ಕೈ ಒರೆಸಿ, ಟಿಕ್ ಹಾಕಲು ಪುಸ್ತಕ ತೆರೆದೆ. ಸೋಮವಾರ. ಅಂದು ಗಾಡಿ ಉಜ್ಜಿರಲಿಲ್ಲ. ಕೈ ಅಲ್ಲೇ ನಿಂತಿತು.

ನೂಲು ತೆಗೆದುಕೊಂಡು ಗಾಡಿಯ ಮೇಲೆ ಹತ್ತಿದೆ. ಪೈಪು ಎಲ್ಲಿಂದ ಹೊರಡುತ್ತದೋ ಅದಕ್ಕೆ ಸರಿಯಾಗಿ ಮೇಲಿನ ಹಲಗೆಗಳ ಮೇಲೆ ನೂಲನ್ನು ಹಾಸಿದೆ. ಹಲಗೆಗಳು ಅಡ್ಡಡ್ಡ ಬಡಿದವು, ನಡುನಡುವೆ ಬೆರಳಗಲದ ಸಂದು. ಮೊದಲನೆಯ ಗಂಟು ಒಂದು ಸಂದಿನ ಮೇಲೆ ಬಂತು. ಎರಡನೆಯದೂ ಸಂದಿನ ಮೇಲೆ. ಒಂಬತ್ತು ಗಂಟು, ಒಂಬತ್ತು ಸಂದು. ಚಾಲಕನ ಕೋಣೆಯ ಕೆಳಗೆ, ಮೇಲಿನಿಂದ ನೀರು ಬೀಳದ ಕಡೆ, ಹಳೆಯ ಪೈಪು ನಿನ್ನೆ ತಂದದ್ದರಂತೆ ಗಟ್ಟಿಯಾಗಿತ್ತು.

ನಮ್ಮ ಸೋಮವಾರದ ವ್ರತವನ್ನು ವಿವರಿಸಿ ಕಾಕನನ್ನು ಕೇಳಿದೆ. ಮೀನಿನ ಉಪ್ಪು ಇರಬಹುದಲ್ಲವೇ ಎಂದೂ ಸೇರಿಸಿದೆ, ಆಸೆಯಿಂದ. ಕಾಕ ಅಲ್ಲವೆಂದು ತಲೆಯಾಡಿಸಿದರು. ಮೀನಿನವರು ದಿನಾ ಸಂಜೆ ಬರಿಯ ನೀರು ಜೋರಾಗಿ ಹೊಡೆದು ತೊಳೆಯುತ್ತಾರೆ, ಉಪ್ಪು ಉಳಿಯುವುದಿಲ್ಲ. ನಾವಾದರೆ ಉಪ್ಪು, ಹುಳಿ ಹಾಕಿ ಉಜ್ಜಿ, ನೀರು ವ್ಯರ್ಥವಾಗದಂತೆ ನಾಲ್ಕು ಕೊಡದಲ್ಲಿ ಮುಗಿಸಿ, ಹಾಗೇ ಒಣಗಲು ಬಿಟ್ಟಿದ್ದೇವೆ ಎಂದರು. ದಿನಚರಿಯ ಹಳೆಯ ಪುಟಗಳನ್ನು ತಿರುವಿ ಎಣಿಸಿದೆ. ತೊಂಬತ್ತೊಂದು ಟಿಕ್ಕು. ನನ್ನದೇ ಕೈಬರಹ, ಒಂದೂ ಅಳಿಸಿಲ್ಲ. ಶುದ್ಧಿಗೆಂದು ಮಾಡಿದ ಕೆಲಸ ಅಷ್ಟೂ ವಾರ ಅಡಿಯಲ್ಲಿ ತನ್ನದೇ ಇನ್ನೊಂದು ಕೆಲಸವನ್ನು ಮಾಡಿಕೊಂಡು ಬಂದಿತ್ತು, ನನ್ನಷ್ಟೇ ಕ್ರಮವಾಗಿ, ವಾರ ತಪ್ಪದೆ.

ಎದೆ ಕುಸಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕುಸಿಯುವುದಕ್ಕೆ ಸಮಯವಿರಲಿಲ್ಲ. ಮಾರನೆಯ ದಿನ ಬ್ರೇಕಿನ ಪೈಪಿನಿಂದ ಗಾಳಿ ತೆಗೆಯಬೇಕಿತ್ತು, ಅದಕ್ಕೆ ಒಬ್ಬರು ಕೆಳಗೆ, ಒಬ್ಬರು ಪೆಡಲಿನ ಮೇಲೆ ಬೇಕು. ಎಣ್ಣೆಯನ್ನು ಎಷ್ಟು ಒತ್ತಿದರೂ ಅದು ಕುಗ್ಗುವುದಿಲ್ಲ, ಹೇಳಿದ್ದನ್ನು ಹೇಳಿದಷ್ಟೇ ಮುಟ್ಟಿಸುತ್ತದೆ. ಗಾಳಿ ಕುಗ್ಗುತ್ತದೆ, ಮಾತನ್ನು ತಾನೇ ನುಂಗಿಬಿಡುತ್ತದೆ. ಒಂದು ಗುಳ್ಳೆ ಉಳಿದರೂ ಪೆಡಲು ಮೆತ್ತಗೆ. ಪೆಡಲಿಗೆ ಕಾಕ ಅಪ್ಪನನ್ನೇ ಕರೆಸಿದರು. “ಓಡ್ಸು ಅಂತಿಲ್ಲ ಮಾರಾಯ. ನಿಂತಿರೋ ಗಾಡೀಲಿ ಕೂತು ತುಳಿ, ಅಷ್ಟೆ” ಎಂದರು. ಅಪ್ಪ ಬಂದ, ಹತ್ತಿದ, ಬಾಗಿಲು ಮಾತ್ರ ತೆರೆದೇ ಇಟ್ಟುಕೊಂಡ.

ನಾನು ಹಿಂದಿನ ಎಡ ಚಕ್ರದ ಬಳಿ ಮಲಗಿದೆ. ಕಾಕ ಮುಂದೆ ಬಾನೆಟ್ ಎತ್ತಿ ಎಣ್ಣೆ ತುಂಬಿಸುತ್ತ ನಿಂತರು.

“ತುಳಿ” ಎಂದೆ.

“ತುಳ್ದೆ.”

“ಹಿಡ್ಕೊ... ಬುಡು.”

ಸಣ್ಣ ಕೊಳವೆಯಲ್ಲಿ ಗುಳ್ಳೆಗಳು ಸಾಲುಗಟ್ಟಿ ಬಂದು ಬಾಟಲಿಯಲ್ಲಿ ಮುಳುಗಿ ಒಡೆದವು. ಇಪ್ಪತ್ತೆರಡು ಸಲ ತುಳಿದ ಮೇಲೆ ಆ ಚಕ್ರ ಸ್ವಚ್ಛವಾಯಿತು. ಬಲ ಚಕ್ರಕ್ಕೆ ತೆವಳಿದೆ. ಅಲ್ಲಿಂದ ಅಪ್ಪನ ಮುಖ ಕಾಣುವುದಿಲ್ಲ. ಅದು ಅನುಕೂಲವೇ ಆಯಿತು.

“ಅಪ್ಪ, ತುಳ್ದು ಹಿಡ್ಕೊ. ಒಂದ್ ಮಾತೈತೆ.”

“ಯೋಳು.”

“ಪೈಪ್ ತಿಂದಿದ್ದು ಮೀನಿನ್ ನೀರಲ್ಲ. ನಾನ್ ಉಜ್ಜಿದ್ ಉಪ್ಪು. ತೊಂಬತ್ತೊಂದ್ ಸೋಮವಾರ.”

ಎಣ್ಣೆಯ ಒಂದು ಹನಿ ನನ್ನ ಮಣಿಕಟ್ಟಿನ ಮೇಲೆ ಬಿತ್ತು.

“ಬುಡ್ಲಾ?” ಎಂದ ಅಪ್ಪ.

“ಈಗ್ಲೇ ಬುಡ್ಬೇಡ, ಗಾಳಿ ಒಳಕ್ಕೋಯ್ತದೆ.” ನಟ್ಟು ಬಿಗಿದೆ. “ಈಗ ಬುಡು.”

ಪೆಡಲು ನಿಧಾನವಾಗಿ ಮೇಲೆ ಬಂದ ಸದ್ದು ಕೇಳಿಸಿತು. ಆಮೇಲೆ ಅಪ್ಪನ ದನಿ. “ನೀರ್ ಸೇದ್ಕೊಟ್ಟೋನು ಯಾರು?”

“ನೀನು.”

“ಹುಣ್ಸೆಹಣ್ ಕಿವ್ಚಿದ್ದು?”

“ಅಜ್ಜಿ.”

“ಮತ್ತೆ ಎಲ್ಲಾನೂ ನೀನೊಬ್ಳೇ ಯಾಕ್ ಒತ್ಕೊಂಡ್ ಮನ್ಗಿದ್ದೀಯೆ ಅಲ್ಲಿ?”

ಅಪ್ಪನೇ ಮುಂದುವರಿಸಿದ, ಯಾರಿಗೋ ಹೇಳುವವನಂತೆ. “ನಾನು ನನ್ ಕಾಲಿಗೇ ವಯಸ್ಸಾಯ್ತು ಅಂದ್ಕೊಂಡಿದ್ದೆ ಕಣಮ್ಮಿ. ಪೈಪ್ ಸೋರ್ತಾ ಇದ್ರೆ ಪೆಡಲ್ ಮೆತ್ಗಾಗ್ತದೆ. ಡ್ರೈವರಾದೋನ್ ಕಾಲಿಗೆ ಅದು ಗೊತ್ತಾಗ್ಬೇಕು. ಗೊತ್ತಾಗ್ಲಿಲ್ವಲ್ಲ, ಇನ್ ನನ್ ಕಾಲ್ನ ನಂಬ್ಕೊಂಡು ಯಾರ್ನ ಕೂರ್ಸ್ಲಿ ಅಂತ.”

“ಸೋರ್ಲಿಲ್ಲ ಅಪ್ಪ. ಒಂದೇ ಏಟ್ಗೆ ಒಡ್ದೈತೆ. ತೊಲೆ ಮೇಲೆ ಹಳೇ ಎಣ್ಣೆ ಕಲೆ ಒಂದೂ ಇರ್ಲಿಲ್ಲ, ನೋಡಿ ಬರ್ಕೊಂಡಿವ್ನಿ.”

“ಅಪ್ಪ ಮಗಳು ಪುರಾಣ ಹೇಳ್ಕೊಂಡ್ರೆ ಇಲ್ಲಿ ಎಣ್ಣೆ ಖಾಲಿ ಆಗುತ್ತೆ!” ಎಂದು ಕಾಕ ಬಾನೆಟ್ಟಿನ ಹಿಂದಿನಿಂದ ಕೂಗಿದರು. “ತುಳೀರಿ ಸ್ವಾಮಿ!”

ಅಪ್ಪ ತುಳಿದ. ನಾಲ್ಕೂ ಚಕ್ರ ಮುಗಿದಾಗ ಪೆಡಲು ಕಲ್ಲಿನಂತೆ ನಿಂತಿತು. ಆದರೂ ಇಳಿದವನು ಬೀಗದ ಕೈಯನ್ನು ನನ್ನ ಕೈಗೇ ಕೊಟ್ಟು ಬಸ್ಸಿನಲ್ಲಿ ಮನೆಗೆ ಹೋದ. ಸರಿಯಾದದ್ದು ಪೈಪು. ಭಯಕ್ಕೆ ಬೇರೆ ಪೈಪು ಇರುತ್ತದೆ, ಅದರ ಗಾಳಿ ತೆಗೆಯುವ ನಟ್ಟು ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ.

ಅಜ್ಜಿಗೆ ನಾನೇ ಹೇಳಿದೆ. ಅವಳು ಎಲೆಗೆ ಸುಣ್ಣ ಸವರುತ್ತಿದ್ದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. “ಅವ್ರು ಮೀನ್ ಆಕಿ ಓಡ್ಸೋವಾಗ ಗಟ್ಟಿಯಾಗಿತ್ತು, ನಾವು ಮಡಿ ಮಾಡಿ ಕೆಡಿಸ್ಬುಟ್ವಾ?” ಎಂದಳು. ಆಮೇಲೆ, ಶೆಡ್ಡಿನ ಕಾನೂನಿನ ಬಗ್ಗೆ ನಾನು ಹೇಳಿದ್ದು ನೆನಪಾಗಿರಬೇಕು, “ಬ್ರೇಕಿಗೆ ಕೈ ಆಕ್ದೋರು ಮೊದ್ಲು ಇಳೀಬೇಕು ಅಂದ್ನಲ್ಲ ಆ ಸಾಬಿ, ಅಂಗಾದ್ರೆ ನಾನೂ ಇಳೀಬೇಕು. ನೀರ್ ಸೇದ್ದೋನೂ ಇಳೀಬೇಕು. ಯಾವ್ ಬೆಟ್ಟ?” ಎಂದಳು.

ನಮ್ಮ ತಾಲ್ಲೂಕಿನಲ್ಲಿ ಬ್ರೇಕ್ ಪರೀಕ್ಷೆಗೆ ಯಾವ ಬೆಟ್ಟ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಶುಕ್ರವಾರ ಮಧ್ಯಾಹ್ನ ಮೂವರೂ ಹೊರಟೆವು. ಸ್ಟೇರಿಂಗಿನಲ್ಲಿ ನಾನು, ನಡುವೆ ಅಜ್ಜಿ, ಆ ಬಾಗಿಲಿಗೆ ಒತ್ತಿಕೊಂಡು ಅಪ್ಪ. ತಾಯಿಯ ಮಾತಿಗೆ ಎದುರಾಡಲಾಗದೆ ಬಂದಿದ್ದ. ಹಂಗಳ ದಾಟಿ, ಬುಡದ ಗೇಟಿನಲ್ಲಿ ಗಾಡಿಯ ನಂಬರು ಬರೆಸಿ, ಗೋಪಾಲಸ್ವಾಮಿ ಬೆಟ್ಟ ಹತ್ತಿದೆವು. ಹತ್ತುವಾಗ ಡೀಸೆಲ್ ಪೈಪಿನ ಪರೀಕ್ಷೆ. ಇಂಜಿನ್ನು ಒಂದು ಸಲವೂ ಕೆಮ್ಮಲಿಲ್ಲ. ಮೇಲೆ ಮಂಜು ಅಂಗೈಯಲ್ಲಿ ಹಿಡಿಯುವಷ್ಟು ದಟ್ಟವಾಗಿತ್ತು, ಗುಡಿಯ ಬಾಗಿಲು ಹಾಕಿತ್ತು. ಅಜ್ಜಿ ಕೂತಲ್ಲಿಂದಲೇ ಕೈ ಮುಗಿದು, “ತಿರ್ಗ್ಸು” ಎಂದಳು.

ಮೊದಲನೆಯ ಗೇರಿನಲ್ಲಿ ಇಳಿಸತೊಡಗಿದೆ. ಒಂದು ಕಡೆ ಗುಡ್ಡ, ಒಂದು ಕಡೆ ಬರಿಯ ಹುಲ್ಲು, ಗಾಳಿ, ಕೆಳಗೆ ಎಲ್ಲೋ ಕಾಡಿನ ತಲೆ. ಮೊದಲ ತಿರುವಿನಲ್ಲಿ ಪೆಡಲು ಮುಟ್ಟಿದೆ. ಗಾಡಿ ವಿಧೇಯವಾಗಿ ತಗ್ಗಿತು. ನನಗೆ ಅನುಮಾನವೇ ಇರಲಿಲ್ಲವೆಂದರೆ ನೀವು ನಂಬಬೇಕು. ಆ ಹನ್ನೆರಡು ತುದಿಗಳಲ್ಲಿ ಒಂದೊಂದನ್ನೂ ನಾನೇ ಅರಳಿಸಿದ್ದೆ. ಆದರೆ ಅಪ್ಪನ ಬಲಗಾಲು ಎದುರಿನ ತಗಡನ್ನು ಕಟಕ್ಕನೆ ಒತ್ತಿತು. ಎರಡನೆಯ ತಿರುವು, ಮತ್ತೆ ಕಟಕ್. ಅಲ್ಲಿ ಪೆಡಲಿಲ್ಲ, ಏನೂ ಇಲ್ಲ.

“ಏನ್ಲಾ ಅದು, ಜಿರ್ಲೆ ತುಳೀತಿದ್ದೀಯಾ?” ಎಂದಳು ಅಜ್ಜಿ.

ಅಪ್ಪ ಕಾಲು ಹಿಂದಕ್ಕೆಳೆದುಕೊಂಡ. ಮುಂದಿನ ತಿರುವಿನಲ್ಲಿ ಅದು ತಾನಾಗಿ ಮತ್ತೆ ಮುಂದೆ ಬಂತು.

ನಾನು ಇಳಿಜಾರು ಅತಿ ಕಡಿದಾದ ಕಡೆ, ಬೇಕೆಂದೇ, ಗಾಡಿಯನ್ನು ನಿಲ್ಲಿಸಿಬಿಟ್ಟೆ. ಮೂಗು ಕೆಳಗೆ ಮಾಡಿ, ಒಂದಿಷ್ಟೂ ಜಾರದೆ, ನಿಂತಿತು. ನನ್ನ ಪಾದ ಪೆಡಲಿನ ಮೇಲೆಯೇ ಇತ್ತು.

“ಅಪ್ಪ, ನಾನ್ ಇಲ್ಲಿಂದ ಕಾಲ್ ತೆಗ್ಯಲ್ಲ. ಇಳ್ದು ಕೆಳಗ್ ನೋಡು.”

ಅಪ್ಪ ನನ್ನನ್ನೇ ನೋಡಿದ. ಇಳಿದ. ಚಕ್ರಗಳಿಗೆ ಕಲ್ಲು ಕೊಟ್ಟ. ಶುಭ್ರವಾದ ಬಿಳಿ ಪಂಚೆಯಲ್ಲಿಯೇ ರಸ್ತೆಯ ಮೇಲೆ ಅಂಗಾತ ಮಲಗಿ ಗಾಡಿಯ ಹೊಟ್ಟೆಯ ಕೆಳಗೆ ತೆವಳಿದ. ಪೈಪಿನ ಉದ್ದಕ್ಕೂ ಅವನ ಅಂಗೈ ಸರಿಯುವ ಸದ್ದು ಕೇಳಿಸುತ್ತಿತ್ತು; ಪಟ್ಟಿಯ ಬಳಿ ನಿಂತು, ನಟ್ಟಿನ ಬಳಿ ನಿಂತು, ಮತ್ತೆ ಸರಿಯುವುದು. ನನ್ನ ಕಾಲು ಸೋತು ನಡುಗತೊಡಗಿದಾಗ ಅವನು ನನ್ನ ಕಡೆಯ ಬಾಗಿಲ ಬಳಿ ಎದ್ದು ನಿಂತ. ಅಂಗೈ ಬಿಚ್ಚಿ ನೋಡಿಕೊಂಡ. ಒಣಗಿತ್ತು.

“ಕೈಬ್ರೇಕ್ ಆಕು. ಆ ಕಡಿಕ್ ಓಗು” ಎಂದ.

ಅಜ್ಜಿ ನಡುವೆ, ನಾನು ಬಾಗಿಲಿಗೆ. ಅಪ್ಪ ಕಲ್ಲುಗಳನ್ನು ಒದ್ದು ಸರಿಸಿ ಬಂದು ಕೂತು, ಸೀಟು ಹಿಂದಕ್ಕೆ ಎಳೆದುಕೊಂಡು, ಕನ್ನಡಿ ತಿರುಗಿಸಿಕೊಂಡ. ಗಾಡಿ ಹೊರಟಿತು. ಮುಂದಿನ ತಿರುವು ದೊಡ್ಡದು, ಅಂಚಿನಲ್ಲಿ ಕಟ್ಟೆಯೂ ಇರಲಿಲ್ಲ. ಅಪ್ಪ ನನಗಿಂತ ಸ್ವಲ್ಪ ತಡವಾಗಿ, ನನಗಿಂತ ಮೃದುವಾಗಿ ಬ್ರೇಕಿನ ಮೇಲೆ ಪಾದ ಇಟ್ಟ. ನನ್ನ ಮೊಣಕಾಲಿನ ಮೇಲೆ ಅಜ್ಜಿಯ ಕೈ ಬಿದ್ದಾಗಲೇ ನನಗೆ ಗೊತ್ತಾದದ್ದು, ನನ್ನ ಬಲಗಾಲು ಬಲವಾಗಿ ಎದುರಿನ ತಗಡನ್ನು ಒತ್ತಿ ಹಿಡಿದಿತ್ತು.

“ಕಾಲ್ ತೆಗೀಯಮ್ಮಿ” ಎಂದಳು ಅಜ್ಜಿ, ರಸ್ತೆಯಿಂದ ಕಣ್ಣು ತೆಗೆಯದೆ. “ಅವ್ನು ತುಳೀತಾವ್ನೆ.”

ತೆಗೆದೆ.